ಬಾದಾಮಿ ಗುಡ್ಡ ಹತ್ತುವ ಮೊದಲು ಬೂಟು ತಿರುವಿ ನೋಡ್ರಿ

ಗದಗಿನ ಪ್ಯಾಟಿಯಲ್ಲಿ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಮೂವತ್ತು ವರ್ಷದ ಮೇಲಾಯಿತು, ಮಂದಿಯ ಕಾಲು ನೋಡಿಯೇ ಹೊಟ್ಟೆ ಹೊರೆಯುತ್ತಿದ್ದೇನೆ. ಮುಖ ಮರೆತರೂ ಪಾದ ಮರೆಯುವುದಿಲ್ಲ. ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಸೋಮವಾರ ಬೆಳಿಗ್ಗೆ ಒಂದು ನಮೂನೆಯ ಗಿರಾಕಿಗಳು ಬರುತ್ತಾರೆ. ಕೈಯಲ್ಲಿ ಕ್ಯಾರಿಬ್ಯಾಗ್, ಅದರೊಳಗೆ ಬಾಯಿ ಬಿಟ್ಟ ಬೂಟು, ಇಲ್ಲವೇ ಉಂಗುಷ್ಟ ಕಿತ್ತ ಚಪ್ಪಲಿ. ಅಟ್ಟೆಯ ಸಂದಿಯಲ್ಲಿ ಕೆಂಪು ಉಸುಕು.

“ನಿನ್ನೆ ಬಾದಾಮಿಗೆ ಹೋಗಿದ್ರೇನ್ರೀ?” ಅಂತ ಕೇಳುತ್ತೇನೆ.

“ಹೌದ್ರೀ, ನಿಮಗ ಹೆಂಗ ಗೊತ್ತಾತು?”

ಉಸುಕೇ ಹೇಳುತ್ತದೆ. ನಮ್ಮ ಗದಗು, ರೋಣದ ಕಡೆಯ ಎರೆಮಣ್ಣು ಕಪ್ಪು, ಒಣಗಿದರೆ ಹೆಂಟೆಯಾಗಿ ಉದುರುತ್ತದೆ. ಕಪ್ಪತಗುಡ್ಡ ಹತ್ತಿ ಬಂದವರ ಬೂಟಿನಲ್ಲಿ ಹುಲ್ಲಿನ ಮುಳ್ಳು ಸಿಗುತ್ತದೆ. ಬಾದಾಮಿಯದು ಹಾಗಲ್ಲ. ಕೆಂಪಗೆ, ಸಣ್ಣ ಸಕ್ಕರೆಯಂಥ ಕಾಳು, ಬೆರಳಲ್ಲಿ ತಿಕ್ಕಿದರೆ ಕರಕರ ಅನ್ನುತ್ತದೆ. ಆ ಗುಡ್ಡವೇ ಉಸುಕಿನ ಗುಡ್ಡ. ಪುಸ್ತಕದಲ್ಲಿ ಮರಳುಗಲ್ಲು ಅಂತ ಬರೆಯುತ್ತಾರೆ, ನಾವು ಉಸುಕಗಲ್ಲು ಅನ್ನೋಣ.

ನಮ್ಮ ಕಡೆಯವರಿಗೆ ಬಾದಾಮಿ ಅಂದರೆ ನಾಲ್ಕು ಗುಹೆ, ಒಂದು ಕೆರೆ, ಬನಶಂಕರಿ ದರ್ಶನ, ಸಂಜೆ ಬಸ್ಸು. ಸಾಲಿ ಹುಡುಗರಿದ್ದಾಗ ಟ್ರಿಪ್ಪಿಗೆ ಹೋಗಿ, ಮದುವೆಯಾದ ಮೇಲೆ ಒಮ್ಮೆ ಹೋಗಿ, ಬೀಗರು ಬಂದಾಗ ಅವರನ್ನು ಕರೆದುಕೊಂಡು ಹೋಗಿ “ನೋಡೀವಿ ಬಿಡ್ರಿ” ಅನ್ನುತ್ತಾರೆ. ಗುಹೆ ನೋಡಿರಬಹುದು, ಗುಡ್ಡ ನೋಡಿಲ್ಲ. ಆ ಗುಡ್ಡದ ಮೇಲೆ ಒಂದು ದಿನ ಪೂರ್ತಿ ನಡೆಯಬಹುದು. ಹೇಗೆ ನಡೆಯಬೇಕು ಅನ್ನುವುದನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು ಎಷ್ಟೋ ಮಂದಿಗೆ ಹೇಳಿದ್ದೇನೆ. ಈಗ ಬರೆದಿಡುತ್ತಿದ್ದೇನೆ.

ಮೊದಲು ಕಾಲಿನ ಮಾತು

ಉಸುಕಗಲ್ಲಿನ ಗುಡ್ಡ ಅಂದರೆ ದೊಡ್ಡದೊಂದು ಪಾಲಿಶ್ ಪೇಪರ್ ಅಂತ ತಿಳಿಯಿರಿ. ಬಡಗಿ ಬಾಗಿಲು ಉಜ್ಜುತ್ತಾನಲ್ಲ, ಅದೇ. ಒಣಗಿದ್ದಾಗ ಅದು ಕಾಲನ್ನು ಬಿಗಿಯಾಗಿ ಹಿಡಿಯುತ್ತದೆ, ಇದು ಅದರ ಗುಣ. ಹಿಡಿದಷ್ಟೂ ಅಟ್ಟೆಯನ್ನು ತಿನ್ನುತ್ತದೆ, ಇದು ಅದರ ಸ್ವಭಾವ. ಈಗ ಎಲ್ಲರೂ ಹಾಕುವ ಹಗುರ ಬಿಳಿ ಅಟ್ಟೆಯ ಬೂಟುಗಳಿವೆ, ವ್ಯಾಪಾರದಲ್ಲಿ ಇವಿಎ ಅನ್ನುತ್ತೇವೆ. ಊರೊಳಗೆ ಓಡಾಡಲು ಬಹಳ ಸುಖ. ಆದರೆ ಈ ಬಂಡೆಯ ಮೇಲೆ ಅವು ಸಾಲಿ ಹುಡುಗರ ರಬ್ಬರಿನಂತೆ ಸವೆಯುತ್ತವೆ. ಗೆರೆ ಪೂರಾ ಹೋಗಿ ನುಣ್ಣಗಾದ ಮೇಲೆ ಜಾರಲು ಶುರು. ಗಟ್ಟಿ ಪಿವಿಸಿ ಅಟ್ಟೆಯದಂತೂ ಬೇಡವೇ ಬೇಡ. ಅದು ಸವೆಯುವುದಿಲ್ಲ ನಿಜ, ಆದರೆ ಇಳಿಜಾರಿನಲ್ಲಿ ಗಾಜಿನ ಮೇಲೆ ನಿಂತಂತೆ.

ಬೇಕಾದದ್ದು ರಬ್ಬರ್ ಅಟ್ಟೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳಬೇಕು. ಗೆರೆಗಳು ಕಿರುಬೆರಳ ಉಗುರಿನಷ್ಟಾದರೂ ಆಳ ಇರಲಿ. ಬೂಟಿನ ಮೂತಿ ಹಿಡಿದು ಹಿಮ್ಮಡದ ಕಡೆಗೆ ಬಾಗಿಸಿ. ಬೆರಳು ಮಡಚುವ ಜಾಗದಲ್ಲಿ ಬಾಗಬೇಕು, ನಟ್ಟನಡುವೆ ಮುರಿದಂತೆ ಬಾಗಿದರೆ ಬೇಡ. ಅಳತೆ ಸಂಜೆ ನೋಡಬೇಕು, ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ. ಇಳಿಯುವಾಗ ಹೆಬ್ಬೆರಳು ಮುಂದೆ ಹೋಗಿ ಒತ್ತಬಾರದು. ಒತ್ತಿದರೆ ಮರುದಿನ ಉಗುರು ಕಪ್ಪಾಗುತ್ತದೆ, ನೀವು ನನ್ನನ್ನು ಬೈಯುತ್ತೀರಿ.

ಹೊಸ ಬೂಟು ಕೊಂಡು ಮರುದಿನವೇ ಗುಡ್ಡಕ್ಕೆ ಹೊರಡಬೇಡಿ. ಎಂಟು ದಿನ ಭೀಷ್ಮ ಕೆರೆಯ ಸುತ್ತ ತಿರುಗಿ, ಬಜಾರಿಗೆ ಹಾಕಿಕೊಂಡು ಹೋಗಿ, ಆಮೇಲೆ ಬಾದಾಮಿ.

ಇನ್ನೊಂದು ಮಾತು ನನ್ನ ಅನುಭವದ್ದು, ಹೇಳಿಕೊಳ್ಳಲು ನಾಚಿಕೆ. ಅಂಗಡಿಯ ಶೋಕೇಸಿನಲ್ಲಿ ಒಂದು ಜೋಡಿ ಬೂಟು ಆರೇಳು ವರ್ಷದಿಂದ ಕೂತಿತ್ತು. ಒಳ್ಳೆಯ ಕಂಪನಿಯದು, ದಪ್ಪ ಅಟ್ಟೆ, ಬೆಲೆ ಹೆಚ್ಚೆಂದು ಯಾರೂ ಒಯ್ಯಲಿಲ್ಲ. “ಹೊಸಾದು, ಒಮ್ಮೆನೂ ಹಾಕಿಲ್ಲ, ಹಾಳ ಆಗೂದ್ಯಾಕ” ಅಂತ ಒಂದು ಏಪ್ರಿಲ್‌ನಲ್ಲಿ ನಾನೇ ಹಾಕಿಕೊಂಡು ಹುಬ್ಬಳ್ಳಿಯಿಂದ ಬಂದ ತಂಗಿಯ ಮಗನ ಜೊತೆ ಬಾದಾಮಿ ಗುಡ್ಡದ ಮೇಲಿನ ಕಲ್ಲಿನ ಸೇತುವೆ ಸಿಡ್ಲಫಡಿಗೆ ಹೊರಟೆ. ಅರ್ಧ ದಾರಿಯೂ ಮುಗಿದಿರಲಿಲ್ಲ. ದಾರಿ ತೋರಿಸಲು ಬಂದಿದ್ದ ಊರಿನ ಹುಡುಗ ಹಿಂದಿನಿಂದ ಹೇಳಿದ:

“ಕಾಕಾ, ನಿಮ್ಮ ಬೂಟ ಬಾಯಿ ತೆರದೈತಿ ನೋಡ್ರಿ.”

ಕೂತು ನೋಡಿದೆ. ಅಟ್ಟೆ ಕಿತ್ತಿರಲಿಲ್ಲ, ಪುಡಿಯಾಗುತ್ತಿತ್ತು. ಮುದ್ದೆ ಬೆಲ್ಲ ಹಳತಾದ ಮೇಲೆ ಉದುರುತ್ತದಲ್ಲ, ಹಾಗೆ ಕೈಯಲ್ಲಿ ಉದುರಿತು. ಹತ್ತು ಹೆಜ್ಜೆಗೆ ಎಡಗಾಲಿನದು ಹೋಯಿತು, ಸ್ವಲ್ಪ ಹೊತ್ತಿಗೆ ಬಲಗಾಲಿನದು. ಚೀಲಕ್ಕೆ ಕಟ್ಟಿದ್ದ ಸುತಳಿ ಬಿಚ್ಚಿ ಸುತ್ತಿದೆವು, ಉಸುಕಗಲ್ಲು ಅದನ್ನೂ ತಿಂದಿತು. ಕೊನೆಗೆ ಎರಡು ಜೊತೆ ಕಾಲುಚೀಲ ಒಂದರ ಮೇಲೊಂದು ಹಾಕಿಕೊಂಡು, ಹನ್ನೊಂದು ಗಂಟೆಯ ಬಿಸಿಲಿಗೆ ಕಾದ ಬಂಡೆಯ ಮೇಲೆ ಕುಣಿಯುತ್ತ ವಾಪಸು ಬಂದೆ. ಹುಡುಗ ಮಾತ್ರ ಹಳೆ ಹವಾಯಿ ಚಪ್ಪಲಿಯಲ್ಲಿ ಆಡಿನ ಮರಿಯಂತೆ ಮುಂದೆ ಮುಂದೆ ಓಡುತ್ತಿದ್ದ. ನಮ್ಮ ಅಳಿಯ ಊರಿಗೆ ಬಂದು ಮನೆಮಂದಿಗೆಲ್ಲ ಹೇಳಿದ, “ಚಪ್ಪಲಿ ಅಂಗಡಿ ಮಾಮಾ ಬರಿಗಾಲಿಲೆ ಬಂದ” ಅಂತ. ಇವತ್ತಿಗೂ ಮದುವೆ ಮುಂಜಿಯಲ್ಲಿ ಅದೇ ಮಾತು.

ಕಾರಣ ಇಷ್ಟೇ. ಆ ದಪ್ಪ, ಮೆತ್ತನೆಯ ಅಟ್ಟೆಗಳು ಪಾಲಿಯುರೆಥೇನ್‌ನವು, ನಾವು ಪಿಯು ಅನ್ನುತ್ತೇವೆ. ಗಾಳಿಯ ತೇವ ಅದರೊಳಗೆ ಸೇರಿ ವರ್ಷ ಕಳೆದಂತೆ ಅದನ್ನು ಒಳಗಿನಿಂದಲೇ ಕಡಿಯುತ್ತದೆ. ಮೇಲೆ ನೋಡಲು ಹೊಸದೇ. ಕಪಾಟಿನಲ್ಲಿ ಡಬ್ಬಿಯೊಳಗೆ ಮುಚ್ಚಿಟ್ಟರೂ ತಪ್ಪುವುದಿಲ್ಲ. ಆದ್ದರಿಂದ ಮಗನ ಎನ್‌ಸಿಸಿ ಕಾಲದ್ದು, ತಮ್ಮ ದುಬೈಯಿಂದ ತಂದದ್ದು ಅಂತ ಎತ್ತಿಟ್ಟ ಬೂಟಿದ್ದರೆ ಹೊರಡುವ ಹಿಂದಿನ ವಾರವೇ ಹೊರಗೆ ತೆಗೆಯಿರಿ. ತಿರುವಿ ಹಾಕಿ, ಹೆಬ್ಬೆರಳಿನಿಂದ ಅಟ್ಟೆಯ ಅಂಚು ಒತ್ತಿ. ಬಿರುಕು ಬಿಟ್ಟರೆ, ಅಂಟಂಟು ಅನ್ನಿಸಿದರೆ, ಪುಡಿ ಉದುರಿದರೆ ಅದರ ಕತೆ ಮುಗಿಯಿತು. ಈ ಪರೀಕ್ಷೆಗೆ ನಾನು ದುಡ್ಡು ತಗೊಳ್ಳುವುದಿಲ್ಲ.

ಹವಾಯಿ ಚಪ್ಪಲಿ ನಡೆಯುತ್ತದೆಯೇ ಅಂತ ಕೇಳುತ್ತಾರೆ. ಆ ಹುಡುಗನಿಗೆ ನಡೆಯುತ್ತದೆ. ಅವನು ಆ ಬಂಡೆಯ ಮೇಲೇ ಬೆಳೆದವನು. ನಮಗೆ ಉಂಗುಷ್ಟ ಕಿತ್ತರೆ ಗತಿಯಿಲ್ಲ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಆದರೆ ಗುಹೆ, ಕೆರೆ, ಬಡಗಣ ಕೋಟೆಗೆ ಸಾಕು. ಸಿಡ್ಲಫಡಿಯ ದಾರಿಯಲ್ಲಿ ಮುಳ್ಳುಕಂಟಿ ಇದೆ, ಅಲ್ಲಿಗೆ ಬೂಟೇ ಬೇಕು.

ಯಾವಾಗ, ಹೇಗೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ತನಕ. ಮಾರ್ಚ್ ಬಂದರೆ ಬಂಡೆ ರೊಟ್ಟಿ ಹಂಚು, ನನ್ನ ಏಪ್ರಿಲ್ ಕತೆ ಕೇಳಿದಿರಲ್ಲ. ಮಳೆಗಾಲದಲ್ಲಿ ಬಾದಾಮಿಯ ಕೆರೆ ಅಗಸ್ತ್ಯತೀರ್ಥದ ಮೇಲಿನ ಬಂಡೆಯಿಂದ ಜೋಡಿ ಧಾರೆ ಬೀಳುತ್ತದೆ, ಅಕ್ಕ-ತಂಗಿ ಅನ್ನುತ್ತಾರೆ. ಅದನ್ನು ನೋಡಲು ಹೋಗಿ, ಆದರೆ ಕೆಳಗೇ ನಿಂತು ನೋಡಿ. ಒದ್ದೆ ಉಸುಕಗಲ್ಲಿನ ಮಾತು ಮುಂದೆ ಹೇಳುತ್ತೇನೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾಗುತ್ತದೆ, ಸಾಮಾನ್ಯವಾಗಿ ಜನವರಿಯಲ್ಲಿ. ಆಗ ಗುಡ್ಡದ ಯೋಚನೆ ಬಿಟ್ಟು ಜಾತ್ರೆಗೇ ಹೋಗಿ, ರಾತ್ರಿ ನಾಟಕ ನೋಡಿ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಲಾಡ್ಜಿನಲ್ಲಿ ಕೋಣೆ ಸಿಗುವುದಿಲ್ಲ.

ಗದಗಿನಿಂದ ಸುಮಾರು 70 ಕಿ.ಮೀ. ಸೊಲ್ಲಾಪುರದ ಕಡೆ ಹೋಗುವ ರೈಲು ಹೊಳೆಆಲೂರಿನಲ್ಲಿ ಮಲಪ್ರಭೆ ದಾಟಿ ಬಾದಾಮಿ ಮುಟ್ಟುತ್ತದೆ. ನನಗೆ ರೈಲೇ ಇಷ್ಟ. ಕಿಟಕಿಯಲ್ಲಿ ಎರೆಹೊಲದ ಕಪ್ಪು ಮುಗಿದು ಕೆಂಪು ಏಳುವುದು ಕಾಣುತ್ತದೆ. ಆದರೆ ನೆನಪಿರಲಿ, ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ. ಸ್ಟೇಷನ್ನಿನ ಹೊರಗೆ ಆಟೋ ಸಿಗುತ್ತವೆ. ನಾಲ್ಕು ಮಂದಿ ಸೇರಿ ಹಂಚಿಕೊಂಡರೆ ಹಗುರ. ಬಸ್ಸಿನವರು ರೋಣದ ಮೇಲೆ ಹೋಗಬಹುದು, ಆ ದಾರಿಯಲ್ಲಿ ಚೊಳಚಗುಡ್ಡದ ಬನಶಂಕರಿ ಮೊದಲು ಸಿಗುತ್ತದೆ, ಆಮೇಲೆ ಬಾದಾಮಿ. ಹುಬ್ಬಳ್ಳಿಯವರಿಗೆ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೇಲೆ ನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಧಾರವಾಡ, ಹಾವೇರಿಯಿಂದ ಬರುವವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಬೆಳಿಗ್ಗೆ ಆರೂವರೆಗೆ ಗುಡ್ಡದ ಬುಡದಲ್ಲಿ ಇರಬೇಕು. ಒಂಬತ್ತಕ್ಕೆ ಬಂದು “ಬಹಳ ಬಿಸಲ್ರೀ” ಅಂದರೆ ಬಿಸಿಲಿನ ತಪ್ಪಲ್ಲ.

ನೀರು ಒಬ್ಬರಿಗೆ ಮೂರು ಲೀಟರ್. ಮೇಲೆ ಅಂಗಡಿ ಇಲ್ಲ, ಬೋರ್‌ವೆಲ್ ಇಲ್ಲ. ಒಂದು ಪಂಜೆ ಇಲ್ಲವೇ ದೊಡ್ಡ ವಸ್ತ್ರ ಇರಲಿ. ತಲೆಗೆ ಸುತ್ತಬಹುದು, ಹಾಸಿ ಕೂರಬಹುದು. ನನ್ನ ಹತ್ತಿರ ಆವತ್ತು ಇದ್ದಿದ್ದರೆ ಕಾಲಿಗೂ ಸುತ್ತುತ್ತಿದ್ದೆ.

ಬಂಡೆ ಓದುವುದು

ಗದಗಿನ ತ್ರಿಕೂಟೇಶ್ವರದಲ್ಲಿ, ಲಕ್ಕುಂಡಿಯಲ್ಲಿ ಕಂಬ ಮುಟ್ಟಿ ನೋಡಿದ್ದೀರಲ್ಲ? ಕನ್ನಡಿಯಂತೆ ನುಣುಪು. ಅದು ಬಳಪದ ಜಾತಿಯ ಕಲ್ಲು, ಮೈ ಸಣ್ಣದು, ಉಳಿ ಹೇಳಿದಂತೆ ಕೇಳುತ್ತದೆ. ಬಾದಾಮಿಯಲ್ಲಿ ಕಂಬ ಮುಟ್ಟಿದರೆ ಕೈಗೆ ಒರಟು. ಮೂರನೆಯ ಗುಹೆಗೆ ಹೋದಾಗ ಮೂರ್ತಿಗಳನ್ನು ನೋಡಿಯಾದ ಮೇಲೆ ಕಲ್ಲನ್ನೂ ಒಂದು ನಿಮಿಷ ನೋಡಿ. ಕೆಂಪು, ಬಿಳಿ, ನೇರಳೆ ಪಟ್ಟಿಗಳು ಗೋಡೆಯಿಂದ ಹೊರಟು ಕಂಬದ ಮೇಲೆ ಹಾದು, ಮೂರ್ತಿಯ ಎದೆಯ ಮೇಲಿಂದ ಸಾಗಿ, ಆಚೆ ಗೋಡೆಗೆ ಹೋಗಿರುತ್ತವೆ. ಶಿಲ್ಪಿ ಬಳಿದ ಬಣ್ಣವಲ್ಲ ಅದು. ಉಸುಕು ಪದರ ಪದರವಾಗಿ ಕೂತಾಗಿನ ಗೆರೆ. ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ. ಆ ಗುಹೆಯನ್ನು ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಶಾಸನದಲ್ಲಿ ಶಕ 500 ಅಂತ ಇದೆ, ಅಂದರೆ ಕ್ರಿ.ಶ. 578. ಗೆರೆಗಳ ವಯಸ್ಸಿನ ಮುಂದೆ ಅದು ನಿನ್ನೆ ಮೊನ್ನೆಯ ಮಾತು. ಭೂಮಿಯ ಮೇಲೆ ಗಿಡಮರ ಹುಟ್ಟುವ ಮೊದಲು, ನೀರಿನಲ್ಲಿ ಮೀನು ಹುಟ್ಟುವ ಮೊದಲು ಬಂದು ಕೂತ ಉಸುಕು ಅದು. ಇಲ್ಲಿ ಯಾವ ಕಲ್ಲು ಒಡೆದರೂ ಎಲುಬು ಸಿಗುವುದಿಲ್ಲ.

ಗುಡ್ಡದ ಮೇಲೆ ಹಾಸಬಂಡೆಯ ಮೇಲೆ ನಡೆಯುವಾಗ ಕೆಳಗೆ ನೋಡಿ. ಕೆಲವು ಕಡೆ ಸಾಲು ಸಾಲು ಸಣ್ಣ ಅಲೆಗಳು, ಹೊಳೆ ದಂಡೆಯಲ್ಲಿ ನೀರು ಇಳಿದ ಮೇಲೆ ಉಸುಕಿನ ಮೇಲೆ ಉಳಿಯುವಂಥವು. ಮಲಪ್ರಭೆಯ ದಂಡೆಗೆ ಹೋದರೆ ಇವತ್ತಿಗೂ ಅಂಥವೇ ಕಾಣುತ್ತವೆ, ಇವು ಕಲ್ಲಾಗಿವೆ ಅಷ್ಟೇ. ಕಡಿದಾದ ಬಂಡೆಯ ಮೈಯಲ್ಲಿ ಅಡ್ಡಗೆರೆಗಳ ನಡುವೆ ಓರೆಗೆರೆಗಳಿರುತ್ತವೆ. ನೀರು ಉಸುಕನ್ನು ದಬ್ಬಿಕೊಂಡು ಹೋಗಿ ಇಳಿಜಾರಿನಲ್ಲಿ ಚೆಲ್ಲಿದ ಗುರುತು ಅವು. ಓರೆ ಯಾವ ಕಡೆ ಇಳಿದಿದೆಯೋ ನೀರು ಆ ಕಡೆ ಹರಿದಿತ್ತು. ಮಕ್ಕಳಿದ್ದರೆ ಈ ಆಟ ಹಚ್ಚಿ ಬಿಡಿ, “ಎಷ್ಟೊತ್ತಿಗೆ ಮುಟ್ಟತೇವಿ” ಅಂತ ಕೇಳುವುದು ನಿಲ್ಲಿಸುತ್ತಾರೆ. ನಡುನಡುವೆ ಗೋಲಿಯಾಟದ ಗೋಲಿಯಷ್ಟು ಬೆಣಚುಕಲ್ಲುಗಳ ಪದರವೂ ಸಿಗುತ್ತದೆ. ಅಲ್ಲಿ ಹುಷಾರು. ಗೋಲಿ ಕಿತ್ತು ಬರುತ್ತವೆ, ಅದರ ಮೇಲೆ ಭಾರ ಬಿಡಬೇಡಿ.

ಈಗ ಕಾಲಿಡುವ ಬಗ್ಗೆ. ಒಣಗಿದ ಬರಿಬಂಡೆ ಸ್ವಲ್ಪ ಓರೆಯಾಗಿದ್ದರೂ ಒಳ್ಳೆಯ ರಬ್ಬರು ಹಿಡಿಯುತ್ತದೆ. ಮಂದಿ ಜಾರುವುದು ಅಲ್ಲಲ್ಲ. ಬಂಡೆಯ ಮೇಲೆ ಸಡಿಲ ಉಸುಕು ತೆಳ್ಳಗೆ ಹರಡಿರುತ್ತದೆ, ಮೆಟ್ಟಿಲ ಮೇಲೆ ಸಾಸಿವೆ ಚೆಲ್ಲಿದ ಹಾಗೆ. ಅದರ ಮೇಲೆ ಹಿಮ್ಮಡ ಊರಿದಿರೋ ಕೂತುಬಿಟ್ಟಿರಿ. ಇಳಿಯುವಾಗ ಪಾದವನ್ನು ಪೂರ್ತಿ ಚಪ್ಪಟೆಯಾಗಿ ಇಡಿ, ಮೊಣಕಾಲು ಸ್ವಲ್ಪ ಬಾಗಿರಲಿ, ಹೆಜ್ಜೆ ಸಣ್ಣದಿರಲಿ. ಹಿಂದಕ್ಕೆ ವಾಲಬೇಡಿ. ಅಂಜಿಕೆ ಹಿಂದಕ್ಕೆ ಎಳೆಯುತ್ತದೆ, ಅದೇ ಬೀಳಿಸುತ್ತದೆ.

ಎರಡನೆಯದು ಕಪ್ಪು ಪಟ್ಟಿ. ಮಳೆನೀರು ಇಳಿಯುವ ಜಾಗದಲ್ಲಿ ಬಂಡೆ ಕರ್ರಗಾಗಿರುತ್ತದೆ, ಅದು ಒಣಗಿದ ಪಾಚಿಯ ಜಾತಿ. ಒಣಗಿದ್ದಾಗ ಏನೂ ಇಲ್ಲ, ಇಬ್ಬನಿ ಬಿದ್ದ ಬೆಳಿಗ್ಗೆ ಸಾಬೂನು.

ಮೂರನೆಯದು ಬಹಳ ಮಂದಿಗೆ ಗೊತ್ತಿಲ್ಲದ್ದು. ಉಸುಕಗಲ್ಲು ನೀರು ಕುಡಿಯುತ್ತದೆ. ಮಳೆ ನಿಂತು ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ, ತೇವ ಇದ್ದಾಗ ಕಲ್ಲಿನ ಬಲ ಕಡಿಮೆ. ಕೈಗೆ ಹಿಡಿದ ಅಂಚು ಸಟ್ಟನೆ ಮುರಿದು ಬರಬಹುದು. ಬಾದಾಮಿಗೆ ಹಗ್ಗ ಹಾಕಿ ಬಂಡೆ ಏರಲು ಬೆಂಗಳೂರಿನಿಂದ, ವಿದೇಶದಿಂದೆಲ್ಲ ಹುಡುಗರು ಬರುತ್ತಾರೆ, ಆ ಕಸುಬು ತಿಳಿದವರು ಮಳೆಯಾದ ಮೇಲೆ ಬಂಡೆ ಒಣಗುವ ತನಕ ಏರುವುದಿಲ್ಲ. ನೀವೂ ಮಳೆ ಬಿದ್ದ ಮರುದಿನ ಗುಡ್ಡದ ಅಂಚಿಗೆ ಹೋಗಬೇಡಿ.

ಕುಡಿದ ನೀರು ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಮಹಾಕೂಟಕ್ಕೆ ಹೋಗಿ ನೋಡಿ. ಗುಡ್ಡದ ಸಂದಿಗಳಲ್ಲಿ ಇಳಿದ ನೀರು ಬುಡದಲ್ಲಿ ಬುಗ್ಗೆಯಾಗಿ ಎದ್ದು ಅಲ್ಲಿನ ಪುಷ್ಕರಣಿ ತುಂಬುತ್ತದೆ. ಬಾದಾಮಿಯಿಂದ ಗುಡ್ಡದ ಮೇಲಿನ ಹಳೆ ಕಾಲುದಾರಿಯಲ್ಲಿ ಸುಮಾರು 5 ಕಿ.ಮೀ. ಹೋಗುವಾಗ ನಡೆದು, ಮುಳುಗೆದ್ದು, ಬರುವಾಗ ಆಟೋದಲ್ಲಿ ಬಂದರೆ ಅದೇ ಒಂದು ದಿನದ ಸುಖ.

ಬಡಗಣ ಕೋಟೆ, ಕೆರೆ, ಆಮೇಲೆ ಸಿಡ್ಲಫಡಿ

ಮೊದಲ ಸಲ ಹೋಗುವವರು, ವಯಸ್ಸಾದವರು, ಸಣ್ಣ ಮಕ್ಕಳಿದ್ದವರು ಬಡಗಣ ಕೋಟೆಯಿಂದ ಶುರು ಮಾಡಿ. ಮ್ಯೂಸಿಯಂ ಪಕ್ಕದಿಂದಲೇ ಮೆಟ್ಟಿಲು ಏಳುತ್ತವೆ. ಸ್ವಲ್ಪ ಮೇಲೇರಿದರೆ ಎರಡು ಬಂಡೆಗಳ ನಡುವೆ ಇಕ್ಕಟ್ಟಿನ ಓಣಿ, ತಲೆಯೆತ್ತಿದರೆ ಆಕಾಶ ಒಂದು ನವಾರ ಪಟ್ಟಿಯಷ್ಟು. ಗುಡ್ಡ ನೆಟ್ಟಗೆ ಸೀಳಿದ ಬಿರುಕು ಅದು, ಮಳೆನೀರು ಅಗಲ ಮಾಡಿದೆ. ಬೇಸಿಗೆಯಲ್ಲೂ ಅಲ್ಲಿ ತಂಪು. ನಮ್ಮ ಮನೆಯವಳು ಮೊದಲ ಸಲ ಬಂದಾಗ ಅಲ್ಲೇ ಕೂತು “ನೀವು ಹೋಗಿ ಬರ್ರಿ, ನಾ ಇಲ್ಲೇ ಇರ್ತೇನಿ” ಅಂದಳು. ಅವಳದೇ ಬುದ್ಧಿವಂತಿಕೆ. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಸಿಗುತ್ತವೆ, ಬುರುಜುಗಳು ಸಿಗುತ್ತವೆ, ಅಂಚಿಗೆ ನಿಂತರೆ ಕೆರೆ, ಎದುರು ಗುಡ್ಡದ ಗುಹೆಗಳು, ಊರಿನ ಬಿಳಿ ಮಾಳಿಗೆಗಳು. ಅಂಚಿಗೆ ಕಟ್ಟೆ ಇಲ್ಲದ ಕಡೆ ಫೋಟೋದ ಹುಚ್ಚಿನಲ್ಲಿ ಹಿಂದೆ ಹಿಂದೆ ಸರಿಯಬೇಡಿ.

ಗುಹೆಗಳ ಮೇಲಿನ ತೆಂಕಣ ಕೋಟೆಗೆ ಹೋಗುವ ಮೆಟ್ಟಿಲಿಗೆ ಬಹಳ ವರ್ಷದಿಂದ ಬೀಗ ಹಾಕಿದ್ದಾರೆ. ಬೇರೆ ಕಡೆಯಿಂದ ಹತ್ತಿಸುತ್ತೇನೆ ಅಂತ ಯಾರಾದರೂ ಬಂದರೆ ಕೈಮುಗಿದು ಕಳಿಸಿ.

ಕೆರೆಯ ದಂಡೆಯಲ್ಲಿ ಭೂತನಾಥದ ತನಕ ನಡೆಯುವುದು ಸಪಾಟು ದಾರಿ. ಇದನ್ನು ಸಂಜೆಗೆ ಇಟ್ಟುಕೊಳ್ಳಿ. ಗುಡಿ ಕೆರೆಯ ಮೂಡಣ ತುದಿಗಿದೆ, ಮುಳುಗುವ ಬಿಸಿಲು ಅದರ ಹಿಂದಿನ ಬಂಡೆಗೆ ನೇರ ಬೀಳುತ್ತದೆ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸಾಲಿಯಲ್ಲಿ ಓದಿದ್ದು ನೆನಪಿದೆಯಲ್ಲ, “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ”, ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ತ್ರಿಪದಿ. ಹತ್ತು ಸಾಲು ಬರೆದಿದ್ದಾರೆ. ಉಸುಕಗಲ್ಲು ಬೂಟು ತಿನ್ನುತ್ತದೆ, ಆದರೆ ಸಾವಿರದ ಮುನ್ನೂರು ವರ್ಷ ಆ ಅಕ್ಷರ ಉಳಿಸಿದೆ. ಅದರ ಪಕ್ಕದ ಬಂಡೆಗಳಿಗೆ ತಮ್ಮ ಹೆಸರು, ಹುಡುಗಿಯ ಹೆಸರು, ನಡುವೆ ಬಾಣ ಕೆತ್ತುವವರಿಗೆ ಏನು ಹೇಳೋಣ. ಅಂಗಡಿಗೆ ಬಂದರೆ ಒಂದು ನಂಬರ್ ಸಣ್ಣ ಬೂಟು ಕೊಟ್ಟು ಕಳಿಸುತ್ತೇನೆ.

ಸಿಡ್ಲಫಡಿ ಬೇರೆ ಲೆಕ್ಕ. ಊರಿನಿಂದ ಸುಮಾರು 4 ಕಿ.ಮೀ., ವಾಹನ ಹೋಗುವುದಿಲ್ಲ. ಗುಡ್ಡ ಹತ್ತಿ ಮೇಲಿನ ಬಯಲು, ಕುರುಚಲು ಅಡವಿ ಹಾದು ಹೋಗಬೇಕು. ದಾರಿ ಒಂದೇ ಅಲ್ಲ. ದನಕರು, ಆಡು ತಿರುಗಿದ ಹತ್ತು ದಾರಿ ಕವಲೊಡೆಯುತ್ತವೆ, ಹಾಸಬಂಡೆಯ ಮೇಲೆ ಹೆಜ್ಜೆ ಗುರುತೂ ಉಳಿಯುವುದಿಲ್ಲ. ಮೊಬೈಲ್ ನಕ್ಷೆ ನಂಬಿ ಹೋಗಬೇಡಿ, ಊರಿನವರೊಬ್ಬರನ್ನು ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿ. ಹೋಗಿ ಬರಲು ಅರ್ಧ ದಿನ ಹಿಡಿಯಿರಿ. ಅವರ ಹಿಂದೆ ನಡೆಯುವಾಗ ಅವರು ಎಲ್ಲಿ ಕಾಲಿಡುತ್ತಾರೆ ಅದನ್ನೇ ನೋಡುತ್ತ ಹೋಗಿ.

ದಾರಿಯಲ್ಲಿ ಕವಳಿ ಕಂಟಿ, ಬಾರಿ ಗಿಡ, ಕಳ್ಳಿ. ಚಳಿಗಾಲದಲ್ಲಿ ಬಾರಿಹಣ್ಣು ಕಿತ್ತು ತಿನ್ನುತ್ತ ಹೋಗಬಹುದು, ಅಂಗಿ ತೋಳು ಉದ್ದ ಇರಲಿ. ನವಿಲಿನ ಕೂಗು ಕೇಳುತ್ತದೆ. ಕಡಿದಾದ ಬಂಡೆಗಳಲ್ಲಿ ಕರ್ರಗೆ ಮೊರದಂತೆ ಜೋತಿರುವುದು ಹೆಜ್ಜೇನು. ಅದರ ಕೆಳಗೆ ಕೂಗಾಡಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ, ಸೆಂಟು ಹೊಡೆದುಕೊಂಡು ಹೋಗಬೇಡಿ. ಎದ್ದವೆಂದರೆ ಅಲ್ಲಿ ಓಡಲು ಜಾಗವಿಲ್ಲ.

ಎರಡನೆಯ ಸಲ ಒಳ್ಳೆಯ ಬೂಟು ಹಾಕಿಕೊಂಡು ಡಿಸೆಂಬರಿನಲ್ಲಿ ಹೋದೆ, ಅದೇ ಅಳಿಯ ಜೊತೆಗೆ. ಬಯಲಿನಲ್ಲಿ ನಡೆಯುತ್ತ ಹೋದವನಿಗೆ ಅದು ಹತ್ತಿರ ಹೋಗುವ ತನಕ ಕಾಣಲಿಲ್ಲ. ಎರಡು ದೊಡ್ಡ ಬಂಡೆಗಳ ನಡುವೆ ಬಿಲ್ಲಿನಂತೆ ಬಾಗಿದ ಕಲ್ಲಿನ ಸೇತುವೆ, ಯಾರೂ ಕಟ್ಟಿದ್ದಲ್ಲ. ಮೇಲೆ ಅಲ್ಲಲ್ಲಿ ತೂತು, ತೂತಿನಿಂದ ಬಿಸಿಲಕೋಲು ಒಳಗೆ ಇಳಿದಿತ್ತು. ಫಡಿ ಅಂದರೆ ಬಂಡೆಯ ಮರೆ. ಸಿಡಿಲು ಹೊಡೆದು ಈ ತೂತು ಬಿದ್ದವು, ಅದಕ್ಕೇ ಸಿಡಿಲ ಫಡಿ ಅನ್ನುತ್ತಾರೆ ಊರವರು. ಸಿಡಿಲೋ, ಗಾಳಿ ನೀರು ಸೇರಿ ತಿಂದದ್ದೋ, ಕೆಳಗೆ ನೆರಳಿನಲ್ಲಿ ಕೂತಾಗ ಎರಡೂ ನಿಜ ಅನ್ನಿಸುತ್ತದೆ. ಹಿಂದಿನ ಕಾಲದ ಮನುಷ್ಯರು, ಅಂದರೆ ಚಾಲುಕ್ಯರಿಗಿಂತ ಎಷ್ಟೋ ಹಿಂದಿನವರು, ಇದೇ ನೆರಳಿನಲ್ಲಿ ಇದ್ದು ಗೋಡೆಯ ಮೇಲೆ ಪ್ರಾಣಿ, ಮನುಷ್ಯರ ಚಿತ್ರ ಬಿಡಿಸಿದ್ದಾರೆ. ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತು ಕಣ್ಣು ನೆರಳಿಗೆ ಹೊಂದಿದ ಮೇಲೆ ಒಂದೊಂದಾಗಿ ಮೇಲೇಳುತ್ತವೆ. ಫೋಟೋಕ್ಕೆ ಚೆನ್ನಾಗಿ ಕಾಣಲಿ ಅಂತ ಚಿತ್ರದ ಮೇಲೆ ನೀರು ಚಿಮುಕಿಸುವವರಿದ್ದಾರೆ. ಹಾಗೆ ಮಾಡಿದರೆ ಬಣ್ಣ ಎದ್ದುಬರುತ್ತದೆ, ಆಮೇಲೆ ಎದ್ದೇ ಹೋಗುತ್ತದೆ. ಮುಟ್ಟಲೇಬೇಡಿ.

ಅಷ್ಟು ದೂರ ನಡೆಯಲಾಗದವರಿಗೆ ಬಡಗಣ ಕೋಟೆಯ ಬುಡದ ಮ್ಯೂಸಿಯಂನಲ್ಲಿ ಸಿಡ್ಲಫಡಿಯ ಮಾದರಿ ಮಾಡಿಟ್ಟಿದ್ದಾರೆ. ನಾಗನಾಥ ಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿಯ ಮೂರ್ತಿಯೂ ಅಲ್ಲೇ ಇದೆ. ಶುಕ್ರವಾರ ಮ್ಯೂಸಿಯಂ ಬಂದ್.

ಮಂಗ ಮತ್ತು ಬುತ್ತಿ

ಬಾದಾಮಿಯ ಮಂಗಗಳು ನಮ್ಮ ಗಿರಾಕಿಗಳಿಗಿಂತ ಚೌಕಾಸಿ. ಅವಕ್ಕೆ ಕ್ಯಾರಿಬ್ಯಾಗಿನ ಸಪ್ಪಳ ಗೊತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದರೆ ಅದು ಅವುಗಳದೇ. ತಿನಿಸು, ಮೊಬೈಲ್, ಕನ್ನಡಕ ಎಲ್ಲ ಚೈನು ಇರುವ ಬೆನ್ನುಚೀಲದೊಳಗೆ ಇರಲಿ. ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಗುಹೆಯ ಮೆಟ್ಟಿಲ ಹತ್ತಿರ ಒಂದು ಮರಿ ನನ್ನ ಕೈಯಿಂದ ಗಿರಮಿಟ್ಟಿನ ಪೊಟ್ಟಣ ಒಯ್ದು, ಉಳ್ಳಾಗಡ್ಡಿ ಆರಿಸಿ ಬಿಸಾಕಿ, ಚುರುಮುರಿ ಮಾತ್ರ ತಿಂದಿತು. ಅವ್ವನ ಹತ್ತಿರ ಬೆಳೆದ ಮಗನಂತೆ.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬಿಸಿಲಿಗೆ ಕೆಡುವುದಿಲ್ಲ. ಅನ್ನದ ಪದಾರ್ಥ ಬೇಡ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಇಲ್ಲವಾದರೆ ಸಿಡ್ಲಫಡಿ ಮುಟ್ಟುವ ಹೊತ್ತಿಗೆ ಪುಡಿ. ಕಸ ವಾಪಸು ತನ್ನಿ, ಕಿತ್ತ ಚಪ್ಪಲಿಯನ್ನೂ. ಅಡವಿಯಲ್ಲಿ ಒಂಟಿ ಚಪ್ಪಲಿ ಬಿದ್ದಿದ್ದು ನೋಡಿದರೆ ನನಗೆ ಬಹಳ ಕೆಟ್ಟದೆನಿಸುತ್ತದೆ.

ಗುಡ್ಡ ಇಳಿದು ಹಸಿವು ಉಳಿದಿದ್ದರೆ ಬನಶಂಕರಿಗೆ ಹೋಗಿ. ಗುಡಿಯ ಹೊರಗೆ, ಹರಿದ್ರಾತೀರ್ಥದ ಹತ್ತಿರ, ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರು ರೊಟ್ಟಿ, ಪಲ್ಯ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು ಕೊಡುತ್ತಾರೆ. ಬೂಟು ಬಿಚ್ಚಿ, ಹಿಮ್ಮಡ ಹಿಮ್ಮಡಕ್ಕೆ ಬಡಿದು ಉಸುಕು ಉದುರಿಸಿ, ಕಾಲು ಚಾಚಿ ಕೂತು ಉಣ್ಣಬೇಕು. ಒಂದು ಸಲ ಗುಡ್ಡದ ಮೇಲೆ ಹೊತ್ತು ಕಳೆದು ಹೋದಾಗ ಅಜ್ಜಿಯೊಬ್ಬಳು ಖಾಲಿ ಬುಟ್ಟಿ ಹೊತ್ತು ಏಳುತ್ತಿದ್ದಳು.

“ಮೊಸರ ಐತೇನಬೇ?”

“ಇಷ್ಟೊತ್ತಿಗೆ ಎಲ್ಲಿ ಮೊಸರಪಾ, ಎರಡ ಗಂಟೆದೊಳಗ ಬರಬೇಕಿತ್ತು.”

ಎರಡು ಗಂಟೆಯೊಳಗೆ ಹೋಗಿ.